ಕಾಶಿಯ ಕೌಮುದಿ ಮತ್ತು ಗಣಕಯಂತ್ರದ ಕನ್ನಡ

ಕಾಶಿಗೆ ಹೋದವರು ಕೇದಾರ ಘಾಟಿನಲ್ಲಿ ಮಿಂದು, ವಿಶ್ವನಾಥನ ದರ್ಶನ ಮಾಡಿ, ಗಂಗೆಯ ತಂಬಿಗೆಯೊಡನೆ ಹಿಂದಿರುಗುವುದು ವಾಡಿಕೆ. ಗಣಕಯಂತ್ರದ ಉದ್ಯೋಗದಲ್ಲಿರುವ ನಮ್ಮ ಮಕ್ಕಳಿಗೆ ಅಲ್ಲಿಂದ ತರಬಹುದಾದ ಪಾಠವೊಂದೂ ಇದೆ.

ಪಾಣಿನಿಯ ಅಷ್ಟಾಧ್ಯಾಯಿಯಲ್ಲಿ ಸುಮಾರು 4000 ಸೂತ್ರಗಳಿವೆ. ಸೂತ್ರವು ಚಿಕ್ಕದಾಗಿರಲೆಂದು ಹಿಂದಿನ ಸೂತ್ರದ ಪದಗಳನ್ನು ಮುಂದಿನದು ಎರವಲು ಪಡೆಯುತ್ತದೆ. ಇದಕ್ಕೆ ಅನುವೃತ್ತಿಯೆಂದು ಹೆಸರು. 17ನೆಯ ಶತಮಾನದಲ್ಲಿ ಕಾಶಿಯ ಭಟ್ಟೋಜಿ ದೀಕ್ಷಿತರು ಈ ಸೂತ್ರಗಳನ್ನು ಸಂಧಿ, ಸಮಾಸ ಎಂದು ವಿಷಯವಾರು ಜೋಡಿಸಿ ಸಿದ್ಧಾಂತಕೌಮುದಿಯನ್ನು ರಚಿಸಿದರು. ರಾಮಚಂದ್ರನ ಪ್ರಕ್ರಿಯಾಕೌಮುದಿ ಆ ದಾರಿಯನ್ನು ಮೊದಲೇ ತೋರಿಸಿತ್ತು. ಸೂತ್ರವನ್ನು ಸ್ಥಳಾಂತರಿಸಿದರೆ ಎರವಲು ಪದಗಳು ಕಳಚಿಹೋಗುತ್ತವೆ. ಅವನ್ನು ವೃತ್ತಿಯಲ್ಲಿ ತುಂಬಿಕೊಡಬೇಕು. ಕೇವಲ ಜೋಡಣೆ ಬಲ್ಲವನಿಂದ ಇದು ಆಗದು, ಶಾಸ್ತ್ರ ಬಲ್ಲವನೇ ಬೇಕು.

ನಮ್ಮ ಕಾಲದಲ್ಲೂ ಇಂಥದೇ ಸಂದರ್ಭ ಬಂದಿತು. ಪೈಥಾನ್ ಎಂಬ ಗಣಕಭಾಷೆಯ ಮೂರನೆಯ ಆವೃತ್ತಿ 2008ರ ಡಿಸೆಂಬರಿನಲ್ಲಿ ಹೊರಬಂದಾಗ ಎರಡನೆಯದರಲ್ಲಿ ಬರೆದ ಅನೇಕ ಪ್ರೋಗ್ರಾಂಗಳು ಅದರಲ್ಲಿ ನಡೆಯದಾದವು. ಅವನ್ನು ತಾನಾಗಿ ತಿದ್ದಲು 'ಟು-ಟು-ತ್ರೀ' ಎಂಬ ಸಾಧನವನ್ನೂ ಕೊಟ್ಟರು. ಅದು ಪದಚ್ಛೇದ ಮಾಡುವ ಪಂಡಿತನಂತೆ ವಾಕ್ಯವನ್ನು ಬಿಡಿಸಿ, ಹಳೆಯ ರೂಪಗಳನ್ನು ಹೊಸದಕ್ಕೆ ತಿರುಗಿಸುತ್ತಿತ್ತು.

ಆದರೆ ರೂಪ ಬೇರೆ, ಅರ್ಥ ಬೇರೆ. ಹಳೆಯ ಆವೃತ್ತಿಯಲ್ಲಿ 7ನ್ನು 2ರಿಂದ ಭಾಗಿಸಿದರೆ 3, ಹೊಸದರಲ್ಲಿ 3.5. ಬರೆದವನಿಗೆ ಬೇಕಾದದ್ದು ಯಾವುದೆಂದು ಸಾಧನ ಅರಿಯದು. 'ಕಾಶಿ' ಎಂಬ ಪದವನ್ನೇ ನೋಡಿ. ಯುಟಿಎಫ್-8 ಕ್ರಮದಲ್ಲಿಟ್ಟ ಈ ಪದಕ್ಕೆ ಹಳೆಯ ಆವೃತ್ತಿ ಬೈಟುಗಳನ್ನೆಣಿಸಿ 12 ಎನ್ನುತ್ತಿತ್ತು. ಹೊಸದು ಕ, ದೀರ್ಘ, ಶ, ಗುಡಿಸು ಎಂದು 4 ಎನ್ನುತ್ತದೆ. ಹೆಸರಿಗೆ 30 ಬೈಟುಗಳಷ್ಟೇ ಜಾಗವಿಟ್ಟಿದ್ದರೆ, ಇಂಗ್ಲಿಷ್ ಹೆಸರು ಪೂರ್ತಿ ಹಿಡಿಸಿದಲ್ಲಿ ಕನ್ನಡದ ಹೆಸರು ಹತ್ತು ಚಿಹ್ನೆಗಳಿಗೇ ತುಂಡಾಗುತ್ತಿತ್ತು. ಯಾವ ಬೈಟುಸಾಲು ಮನುಷ್ಯನ ಹೆಸರು, ಯಾವುದು ಚಿತ್ರದ ಕಡತ ಎಂಬುದನ್ನು ಬಲ್ಲವರೇ ಹೇಳಬೇಕಾಯಿತು.

ಎರಡನೆಯ ಆವೃತ್ತಿಯ ಪೋಷಣೆ 2020ರ ಜನವರಿ 1ಕ್ಕೆ ನಿಂತಿತು. 2024ರಲ್ಲಿ ಆ ಸಾಧನವನ್ನೂ ಪೈಥಾನಿನಿಂದ ತೆಗೆದುಹಾಕಿದರು. ಆದರೂ ಅದರ ಒಂದು ಪದ್ಧತಿ ಮೆಚ್ಚತಕ್ಕದ್ದು: ಮೊದಲು ತಿದ್ದುಪಡಿಗಳನ್ನು ತೋರಿಸುತ್ತಿತ್ತು, ಬರೆಯಲು ಹೇಳಿದರೆ ಹಳೆಯ ಕಡತದ ಪ್ರತಿಯೊಂದನ್ನು ಉಳಿಸಿಯೇ ಬರೆಯುತ್ತಿತ್ತು.

ನಮ್ಮ ಸಂಘ-ಸಂಸ್ಥೆಗಳ ಸದಸ್ಯರ ಪಟ್ಟಿ, ಹಳೆಯ ಲೆಕ್ಕಪತ್ರಗಳನ್ನು ಹೊಸ ಯಂತ್ರಕ್ಕೆ ಏರಿಸುವ ತರುಣರು ಇದನ್ನು ಗಮನಿಸಲಿ. ಮೂಲಪ್ರತಿಯನ್ನು ಉಳಿಸಿಕೊಳ್ಳಿ, ಅದನ್ನು ಬರೆದ ಹಿರಿಯರು ನಮ್ಮೊಡನಿರುವಾಗಲೇ ಪಕ್ಕದಲ್ಲಿ ಕುಳಿತು ಕೇಳಿಕೊಳ್ಳಿ. ಅನುವೃತ್ತಿ ಇರುವುದು ಅವರ ನೆನಪಿನಲ್ಲಿ.