ಡಿಫೆಂಡರ್‌ಗೆ ಸೈಡ್ ಸ್ಟೆಪ್: ಯಾರ ಕಾಲಿಗೆ?

ದುಬಾರಿ ಎಸ್‌ಯುವಿ ಕೊಳ್ಳುವ ಬಹಳಷ್ಟು ಜನರಿಗೆ ಸೈಡ್ ಸ್ಟೆಪ್ ಅಂದ್ರೆ ಅಲಂಕಾರ. ಮಂಡಿನೋವಿರುವ ಅಮ್ಮನಿಗೆ ಮಾತ್ರ ಅದು ಮೆಟ್ಟಿಲು. ಹಾಗಾಗಿ ದುಡ್ಡು ಕೊಡುವ ಮೊದಲು ಅವರನ್ನೇ ಕರೆದೊಯ್ದು ಹತ್ತಿಸಿ, ಇಳಿಸಿ ನೋಡಿ.

ಲ್ಯಾಂಡ್ ರೋವರ್ ಡಿಫೆಂಡರ್ 110 ತಗೊಳ್ಳಿ. ಏರ್ ಸಸ್ಪೆನ್ಷನ್ ಇದ್ದರೆ ಹತ್ತಿ ಇಳಿಯಲು ಗಾಡಿ 50 ಮಿ.ಮೀ. ತಗ್ಗುತ್ತದೆ, ಅಂದ್ರೆ ಬರೀ ಎರಡು ಇಂಚು. ಮಂಡಿ ಮಡಚಲಾಗದವರಿಗೆ ಅಷ್ಟು ಸಾಲದು, ಸ್ಟೆಪ್ ಬೇಕೇ ಬೇಕು. ಅದರ ಮೇಲೆ ಇಡೀ ಪಾದ ಕೂರಬೇಕು, ಮಳೆಯಲ್ಲೂ ಜಾರಬಾರದು. ಬರೀ ದುಂಡನೆಯ ಪೈಪು ಹಾಕಿಸಿದರೆ ಪ್ರಯೋಜನವಿಲ್ಲ.

ಸದಾ ಹೊರಗಿರುವ ಸ್ಟೆಪ್ಪಿಗೆ ಬೇರೆಯದೇ ತಾಪತ್ರಯ. ಆಫ್‌ರೋಡ್ ಎತ್ತರದಲ್ಲಿ ಈ ಗಾಡಿಗೆ 291 ಮಿ.ಮೀ. ಗ್ರೌಂಡ್ ಕ್ಲಿಯರೆನ್ಸ್ ಇದೆ. ಆದರೆ ಚಕ್ರಗಳ ನಡುವೆ ಸ್ಟೆಪ್ ಜೋತುಬಿದ್ದಿದ್ದರೆ ದಿಬ್ಬಕ್ಕೆ ಮೊದಲು ತಾಗೋದು ಅದೇ. ಎಸ್ಟೇಟ್ ದಾರಿಯಲ್ಲಿ ಓಡಾಡುವವರು ಯೋಚಿಸಬೇಕು. ಬಾಗಿಲು ತೆರೆದಾಗ ಇಳಿದು, ಮುಚ್ಚಿದಾಗ ಒಳಸೇರುವ ಮೋಟಾರು ಸ್ಟೆಪ್ಪಿಗೆ ಈ ಕಾಟ ಕಡಿಮೆ. ಕೀಲಿನಲ್ಲಿ ಕೆಸರು ಗಟ್ಟಿಯಾಗದಂತೆ ತೊಳೆಯುತ್ತಿರಬೇಕು, ಅಷ್ಟೇ.

ಅಳವಡಿಕೆಯಲ್ಲಿ ಮಾತ್ರ ಜಿಪುಣತನ ಬೇಡ. 2019ರಲ್ಲಿ ಅನಾವರಣಗೊಂಡ ಈಗಿನ ಡಿಫೆಂಡರ್‌ಗೆ ಹಳೆಯ ಜೀಪಿನಂತೆ ಪ್ರತ್ಯೇಕ ಚಾಸಿ ಇಲ್ಲ. ಅದು ಅಲ್ಯೂಮಿನಿಯಂ ಮಾನೊಕಾಕ್. ಬಣ್ಣ ಕಿತ್ತುಹೋದ ಜಾಗದಲ್ಲಿ ಸ್ಟೀಲ್ ಬೋಲ್ಟ್ ತಾಗಿ, ಮೇಲೆ ನೀರೂ ಸೇರಿದರೆ ಸವೆಯೋದು ಅಲ್ಯೂಮಿನಿಯಂ. ಆದ್ದರಿಂದ ಕಂಪನಿ ಬಿಟ್ಟಿರುವ ರಂಧ್ರಗಳಿಗೇ ಕೂರುವ ಬ್ರಾಕೆಟ್ ತಗೊಳ್ಳಿ. ಡ್ರಿಲ್ ಹಿಡಿದು ಬಂದವರನ್ನು ವಾಪಸ್ ಕಳಿಸಿ. ಜಾಕ್ ಪಾಯಿಂಟ್ ಮುಚ್ಚಿಹೋಗಿಲ್ಲ ಅಂತಲೂ ನೋಡಿಕೊಳ್ಳಿ. ಪಂಚರ್ ಆದಾಗ ಸ್ಟೆಪ್ಪಿಗೇ ಜಾಕ್ ಕೊಟ್ಟರೆ ಅದು ಬಾಗುತ್ತದೆ, ಇಲ್ಲವೇ ಗಾಡಿ ಜಾರುತ್ತದೆ.