ಸೆಲ್ಲು ಮೊದಲು, ಕರೆಂಟು ಆಮೇಲೆ

ಕಳೆದ ದೀಪಾವಳಿಗೆ ಊರಿಗೆ ಹೋದಾಗ, ರಾತ್ರಿ ಎರಡರ ಸುಮಾರಿಗೆ ನಮ್ಮ ಆಯಿಗೆ ಉಸಿರು ಕಟ್ಟೋಕೆ ಶುರುವಾಯ್ತು. ನಮ್ಮದು ಮೂಡಲಗಿ ಹತ್ತಿರದ ಹಳ್ಳಿ. ಗೋಕಾಕಿನ ದವಾಖಾನೆಗೆ ಹೊರಡಬೇಕು. ಅಪ್ಪ ಆಯಿಯನ್ನ ಎತ್ತಿಕೊಂಡು ಅಂಗಳಕ್ಕೆ ಬಂದರೆ, ನಾನು ಕೀ ಹಿಡಿದು ಬಟನ್ ಒತ್ತುತ್ತಲೇ ಇದ್ದೇನೆ. ಕಾರು ಸತ್ತ ಹಾಗೆ ನಿಂತಿದೆ.

ಹದಿನೈದು ದಿನದಿಂದ ಡ್ಯಾಶ್‌ಬೋರ್ಡ್ ಮೇಲೆ ಕೀ ಬ್ಯಾಟರಿ ಮುಗೀತಾ ಬಂತು ಅಂತ ಹಳದಿ ಅಕ್ಷರದಲ್ಲಿ ಬರ್ತಾನೇ ಇತ್ತು. ವಾರ್ನಿಂಗ್‌ಗಳನ್ನ ನೋಡಿಯೂ ನೋಡದ ಹಾಗೆ ಇರೋದು ನಮ್ಮ ಸಾಫ್ಟ್‌ವೇರ್ ಜನರ ವೃತ್ತಿಧರ್ಮ. ಎರರ್ ಬಂದಾಗ ನೋಡಿದರಾಯ್ತು ಅಂತ ಬಿಟ್ಟಿದ್ದೆ.

"ಏನಾತೋ ತಮ್ಮಾ?"

"ಬ್ಯಾಟ್ರಿ ಹೋಗೇತಪಾ."

ಅಪ್ಪ ಒಳಗೆ ಕೂಗಿದ. ಅವ್ವ ಗೂಟಕ್ಕೆ ಹಾಕಿದ್ದ ಮೂರು ಸೆಲ್ಲಿನ ಟಾರ್ಚ್ ತಂದು ನನ್ನ ಕೈಗಿಟ್ಟಳು. ನಮ್ಮ ಕಡೆ ಬ್ಯಾಟ್ರಿ ಅಂದರೆ ಟಾರ್ಚು. ಒಳಗಿರೋದು ಸೆಲ್ಲು. ನಾನು ಹೇಳಿದ್ದು ಯಾರಿಗೂ ತಿಳಿದಿರಲಿಲ್ಲ.

ಆ ಗದ್ದಲಕ್ಕೆ ಎದ್ದು ಬಂದ ಪಕ್ಕದ ಮನೆಯ ಹುಡುಗ ಸರಕಿನ ಟೆಂಪೋ ಓಡಿಸೋನು. "ಕೀಲಿ ಒಳಗ ಇನ್ನೊಂದು ಕೀಲಿ ಇರತೇತಿ ಅಣ್ಣಾ" ಅಂದ. ಕೀಯ ಬದಿಯಲ್ಲಿದ್ದ ಸಣ್ಣ ಗುಂಡಿ ಸರಿಸಿ ಉದ್ದನೆಯ ಲೋಹದ ಪಟ್ಟಿಯೊಂದನ್ನ ಹೊರಗೆಳೆದ, ಡ್ರೈವರ್ ಬಾಗಿಲಿಗೆ ಹಾಕಿ ತಿರುವಿದ. ಗಾಡಿ ಕಳ್ಳ ಬಂದ ಅಂತ ಓಣಿಗೆಲ್ಲ ಕೇಳೋ ಹಾಗೆ ಕಿರುಚಿಕೊಂಡಿತು. ಅವನು ಗಾಬರಿಯಾಗದೆ ಸತ್ತ ಕೀಯನ್ನೇ ಸ್ಟಾರ್ಟ್ ಬಟನ್ನಿಗೆ ಒತ್ತಿ ಹಿಡಿದ. ಎಂಜಿನ್ ಎದ್ದಿತು, ಕಿರುಚಾಟ ನಿಂತಿತು. ಬಿಇ ಓದಿದ ನಾನು ಟಾರ್ಚ್ ಹಿಡಿದು ನಿಂತಿದ್ದೆ. ಆಯಿ ಈಗ ಆರಾಮದಾಳೆ.

ಸೆಲ್ಲು ಸತ್ತರೂ ಕೀ ಯಾಕೆ ಸಾಯಲಿಲ್ಲ? ಕೀಯೊಳಗೆ ಇನ್ನೊಂದು ಪುಟ್ಟ ಚಿಪ್ ಇರುತ್ತೆ, ಅದಕ್ಕೆ ಸೆಲ್ಲೇ ಬೇಡ. ಬಟನ್ ಹತ್ತಿರ ಕಾರಿನೊಳಗಿರೋ ತಂತಿಯ ಸುರುಳಿಯಿಂದಲೇ ಅದು ಶಕ್ತಿ ಪಡೆದು ತನ್ನ ಗುರುತು ಹೇಳುತ್ತೆ. ದೂರದಿಂದ ಬಾಗಿಲು ತೆಗೆಯೋದಕ್ಕೆ ಮಾತ್ರ ಸೆಲ್ಲು ಬೇಕು. ಆ ಶೋಕಿ ಶುರುವಾಗಿದ್ದು 1982ರಲ್ಲಿ, ಫ್ರಾನ್ಸಿನ ರೆನೋ ಫ್ಯುಗೊ ಕಾರಿನಿಂದ. ಅದು ಟಿವಿ ರಿಮೋಟಿನ ಹಾಗೆ ಅತಿಗೆಂಪು ಬೆಳಕಿನಿಂದ ಕೆಲಸ ಮಾಡ್ತಿತ್ತು. ಆಮೇಲೆ ರೇಡಿಯೊ ಬಂತು. ಒಂದೇ ಕೋಡನ್ನ ಪದೇ ಪದೇ ಕಳಿಸಿದರೆ ಕಳ್ಳ ಅದನ್ನ ರೆಕಾರ್ಡ್ ಮಾಡಿಕೊಂಡು ಬಾಗಿಲು ತೆಗೀತಾನೆ. ಹಾಗಾಗಿ ಒತ್ತಿದಾಗೆಲ್ಲ ಹೊಸ ಕೋಡ್ ಕಳಿಸೋ ವ್ಯವಸ್ಥೆ ಬಂತು, ಒಂಥರಾ ನಮ್ಮ ಒಟಿಪಿ. ಅಂಥ ಹೆಸರುವಾಸಿ ಪದ್ಧತಿಗಳಲ್ಲೊಂದಾದ ಕೀಲಾಕ್ 1980ರ ದಶಕದಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಹುಟ್ಟಿತು.

ಇದೆಲ್ಲ ಬೆಂಗಳೂರಲ್ಲಿ ಕೂತು ಓದಿದರೂ ಗೊತ್ತಾಗುತ್ತೆ. ನನ್ನ ತಲೆಯಲ್ಲಿ ಉಳಿದಿದ್ದು ಅಪ್ಪನ ಟಾರ್ಚು.

ಗೋಕಾಕ ಫಾಲ್ಸ್‌ಗೆ ಹೋದವರು ತೂಗುಸೇತುವೆ ಮೇಲೆ ನಿಂತು ಸೆಲ್ಫಿ ತೆಗೆದುಕೊಂಡಿರ್ತೀರಿ. ಪಕ್ಕದ ನೂಲಿನ ಗಿರಣಿಯ ಕಂಪನಿ ಹುಟ್ಟಿದ್ದು 1885ರಲ್ಲಿ. 1887ರಲ್ಲಿ ಘಟಪ್ರಭೆಯ ನೀರಿನ ಬಲ ಗಿರಣಿಗೆ ಸಿಕ್ಕಿತು. ಕರೆಂಟು ಹುಟ್ಟಿದ್ದೂ ಆವಾಗಲೇ, ಶಿವನಸಮುದ್ರಕ್ಕಿಂತ ಮೊದಲು, ಅನ್ನೋದು ನಮ್ಮ ಕಡೆಯವರ ದೊಡ್ಡ ಹೆಮ್ಮೆ. ಶಿವನಸಮುದ್ರದ್ದು 1902. ಹೆಚ್ಚು ಕಡಿಮೆ ಅದೇ ಹೊತ್ತಿಗೆ, 1886ರಲ್ಲಿ, ಜರ್ಮನಿಯಲ್ಲಿ ಕಾರ್ಲ್ ಗಾಸ್ನರ್ ಅನ್ನೋನು ಒಣ ಸೆಲ್ಲಿಗೆ ಪೇಟೆಂಟ್ ಪಡೆದ. ಅಲ್ಲಿಯವರೆಗೆ ಸೆಲ್ಲು ಅಂದರೆ ದ್ರಾವಣ ತುಂಬಿದ ಗಾಜಿನ ಭರಣಿ, ಅಲುಗಾಡಿಸೋ ಹಾಗಿರಲಿಲ್ಲ. ಇವನು ಅದನ್ನ ಸತುವಿನ ಡಬ್ಬಿಯೊಳಗೆ ಮುದ್ದೆ ಮಾಡಿ ತುಂಬಿದ.

ಅಂದರೆ ಫಾಲ್ಸಿನ ಶಕ್ತಿ, ಒಣ ಸೆಲ್ಲು ಎರಡೂ ಹೆಚ್ಚು ಕಡಿಮೆ ಓರಗೆಯವು. ಒಂದು ನಮ್ಮೂರಿಂದ ಒಂದು ತಾಸಿನ ದಾರಿ, ಇನ್ನೊಂದು ಜರ್ಮನಿಯದ್ದು. ನಮ್ಮ ಮನೆಗೆ ಮೊದಲು ಬಂದಿದ್ದು ಜರ್ಮನಿಯದ್ದೇ. ಗಿರಣಿಯ ಶಕ್ತಿ ಗಿರಣಿಯಲ್ಲೇ ನೂಲು ತೆಗೀತಿತ್ತು. ನಮ್ಮ ಮುತ್ಯಾ ಸಂತೆಯಿಂದ ಎರಡು ಸೆಲ್ಲು ತಂದು ಕಬ್ಬಿಗೆ ನೀರು ಹಾಯಿಸೋಕೆ ಹೋಗ್ತಿದ್ದ. ಮನೆಗೆ ಬಲ್ಬು ಬಂದಿದ್ದು ಅಪ್ಪ ಹೈಸ್ಕೂಲಿಗೆ ಹೋಗೋ ಹೊತ್ತಿಗೆ.

ಅವ್ವನ ತವರು ಹುಕ್ಕೇರಿ ಕಡೆ. ಅಲ್ಲಿನ ಕಥೆಯೇ ಬೇರೆ. 1969ರಲ್ಲಿ ಅಲ್ಲಿ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಹುಟ್ಟಿತು, ದೇಶದಲ್ಲಿ ಆಗ ಪ್ರಯೋಗಕ್ಕೆ ಅಂತ ಶುರುವಾದ ಐದು ಇಂಥ ಸಂಘಗಳಲ್ಲಿ ಒಂದು. ಸುತ್ತಲಿನ ತಾಲ್ಲೂಕುಗಳಿಗೆಲ್ಲ ಹೆಸ್ಕಾಂ ಇದ್ದರೆ, ಹುಕ್ಕೇರಿಯಲ್ಲಿ ಇವತ್ತಿಗೂ ಕರೆಂಟ್ ಬಿಲ್ಲು ಬರೋದು ಈ ಸಂಘದಿಂದ. ಹಾಲಿನ ಡೇರಿಯ ಹಾಗೆ ಕರೆಂಟಿಗೂ ಷೇರುದಾರರು! ಅವ್ವ ಇದನ್ನ ಹೇಳುವಾಗೆಲ್ಲ ಅಪ್ಪ ಮುಖ ತಿರುಗಿಸ್ತಾನೆ.

ವೈರು ಬಂದರೂ ಸೆಲ್ಲು ಹೋಗಲಿಲ್ಲ. ಪಂಪ್‌ಸೆಟ್ಟಿಗೆ ತ್ರೀಫೇಸ್ ಕೊಡೋದೇ ನಡುರಾತ್ರಿ, ಬದುವಿನ ಮೇಲೆ ಹಾವು. ಟಾರ್ಚ್ ಮಂಕಾದರೆ ಅಪ್ಪ ಸೆಲ್ಲುಗಳನ್ನ ಬಿಸಿಲಿಗಿಟ್ಟು ಇನ್ನೆರಡು ರಾತ್ರಿ ನಡೆಸ್ತಿದ್ದ. ಪೂರಾ ಸತ್ತ ಮೇಲೆ ನಾವು ಹುಡುಗರು ಕಲ್ಲಿಂದ ಒಡೆದು, ಒಳಗಿನ ಕರಿ ಪುಡಿಯನ್ನ ಶಾಲೆಯ ಬೋರ್ಡಿಗೆ ತಿಕ್ಕೋಕೆ ಒಯ್ತಿದ್ದೆವು. ಆ ಕರಿ ಪುಡಿಯಲ್ಲಿ ಹೆಚ್ಚಿನ ಪಾಲು ಮ್ಯಾಂಗನೀಸ್ ಡೈಆಕ್ಸೈಡ್. ನನ್ನ ಕೀಯೊಳಗಿನ ಬಿಲ್ಲೆಯಲ್ಲೂ ಅದೇ ಇದೆ. ಸತುವಿನ ಜಾಗಕ್ಕೆ ಲಿಥಿಯಂ ಬಂದಿದೆ ಅಷ್ಟೇ. ಅದರಿಂದಾಗಿ ಒಂದೂವರೆ ವೋಲ್ಟ್ ಹೋಗಿ ಮೂರು ವೋಲ್ಟ್ ಆಗಿದೆ. ಮುತ್ಯಾನ ಎರಡು ಸೆಲ್ಲಿನ ವೋಲ್ಟೇಜು ಒಂದು ಬಿಲ್ಲೆಯಲ್ಲಿ.

ಮಾರನೇ ದಿನ ಮೂಡಲಗಿಯ ಗಡಿಯಾರದ ಅಂಗಡಿಗೆ ಅಪ್ಪನ ಜೊತೆ ಹೋದೆ. ಅಂಗಡಿಯವರು ಪಟ್ಟಿ ತೆಗೆದ ಸಂದಿಯಲ್ಲಿ ಸಣ್ಣ ಸ್ಕ್ರೂಡ್ರೈವರ್ ಇಟ್ಟು ತಿರುವಿದರು, ಕೀ ಅವರೆಕಾಯಿ ಹಾಗೆ ಎರಡು ಹೋಳಾಯಿತು. ಹಳೆಯದರ ಮೇಲೆ ಸಿಆರ್ 2032 ಅಂತ ಇತ್ತು: 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ. 2025 ಅನ್ನೋದೂ ಇದೆ, ಅಗಲ ಅಷ್ಟೇ, ದಪ್ಪ ಕಡಿಮೆ, ಸಡಿಲಾಗುತ್ತೆ. ನಂಬರ್ ನೋಡಿಯೇ ತಗೊಳ್ಳಿ. ಪ್ಲಸ್ ಗುರುತು ಯಾವ ಕಡೆಗಿತ್ತು ನೋಡಿಕೊಂಡು ಹೊಸದನ್ನ ಹಾಗೇ ಕೂರಿಸಿದರು. ಎರಡು ನಿಮಿಷದ ಕೆಲಸ.

"ಗಾಡಿ ಬಾಜೂಕ ಕೀಲಿ ತೂಗ ಹಾಕಬ್ಯಾಡ್ರಿ, ಲಗೂ ಮುಗೀತೇತಿ" ಅಂದರು. ಸರಿಯೇ. ಗಾಡಿ ಹತ್ತಿರವಿದ್ದರೆ ಅದರ ಕರೆಗೆ ಕೀ ಎಚ್ಚರವಾಗ್ತಾ ಇರುತ್ತೆ. ನಾನು ಊರಿಗೆ ಬಂದಾಗೆಲ್ಲ ಕಾರು ನಿಲ್ಲಿಸೋದು ಗೋಡೆಯ ಹೊರಗೆ, ಕೀ ಹಾಕೋದು ಅದೇ ಗೋಡೆಯ ಒಳಗಿನ ಗೂಟಕ್ಕೆ.

ಅಪ್ಪ ಸತ್ತ ಬಿಲ್ಲೆಯನ್ನ ಅಂಗೈಯಲ್ಲಿಟ್ಟುಕೊಂಡು ತಿರುಗಿಸಿ ನೋಡಿದ.

"ಇದನ್ನ ಬಿಸಲಾಗ ಇಟ್ರ ಎರಡ ದಿನ ನಡೀತೇತೇನ್ರಿ?"

"ಇಲ್ರಿ ಕಾಕಾ, ಇದು ಆ ಜಾತೀದಲ್ಲ. ಸಣ್ಣ ಹುಡುಗೂರ ಕೈಯಾಗ ಮಾತ್ರ ಕೊಡಬ್ಯಾಡ್ರಿ, ನುಂಗಿದ್ರ ಜೀವಕ್ಕ ಕುತ್ತು."

ಅಪ್ಪ ಅದನ್ನ ಅಂಗಡಿಯವರ ಡಬ್ಬಿಗೆ ಹಾಕಿ, ತನ್ನ ಟಾರ್ಚಿಗೆ ಮೂರು ಹೊಸ ಸೆಲ್ಲು ಕೇಳಿದ.