ಮೊಳೆ ಇಲ್ಲದ ಗಲ್ಲಾ ಪೆಟ್ಟಿಗೆ: ಬಿಸಿಲಿಗೂ ಮಳೆಗೂ ಬಾಯಿ ಬಿಡದಂತೆ ಮಾಡಿಸುವುದು ಹೇಗೆ?

ಆಳಂದ/ಅಫಜಲಪುರ/ಜೇವರ್ಗಿ: ದೀಪಾವಳಿಯ ಲಕ್ಷ್ಮಿ ಪೂಜೆಗೆ ಅಂತ ಅಂಗಡಿಯವರು ಹೊಸ ಗಲ್ಲಾ ಪೆಟ್ಟಿಗೆ ಮಾಡಿಸುವುದುಂಟು. ಮಗಳ ಮದುವೆಗೆ ಕೆತ್ತನೆ ಮುಚ್ಚಳದ ಪೆಟ್ಟಿಗೆ ಕೊಡುವವರೂ ಇದ್ದಾರೆ. ಅಗಲ ಹಲಗೆಗೆ ಮೊಳೆ ಹೊಡೆದು ಕೂಡಿಸಿದ ಪೆಟ್ಟಿಗೆ ಮೊದಮೊದಲು ಚಂದ ಕಾಣುತ್ತದೆ. ಬೇಸಿಗೆ ಬಂದಾಗ ಹಲಗೆ ಸೀಳುತ್ತದೆ, ಮಳೆಗಾಲಕ್ಕೆ ಮುಚ್ಚಳ ಬಿಗಿದು ಕೂಡುತ್ತದೆ. ಕೊಟ್ಟ ರೊಕ್ಕ ಹಾಳು. ಬಹಳ ಸಲ ಇದು ಕಟ್ಟಿಗೆಯ ತಪ್ಪಲ್ಲ, ಜೋಡಣೆಯ ತಪ್ಪು.

ಯಾಕೆ ಸೀಳುತ್ತದೆ?

ಕಲಬುರಗಿ ಜಿಲ್ಲೆಯಲ್ಲಿ ಏಪ್ರಿಲ್-ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಒಣ ಹವೆಗೆ ಕಟ್ಟಿಗೆ ಕುಗ್ಗುತ್ತದೆ, ಮಳೆಗಾಲದ ತೇವಕ್ಕೆ ಹಿಗ್ಗುತ್ತದೆ. ಉದ್ದದಲ್ಲಿ ವ್ಯತ್ಯಾಸ ಇಲ್ಲವೆನ್ನುವಷ್ಟು ಕಡಿಮೆ, ಅಗಲದಲ್ಲಿ ಮಾತ್ರ ಜಾಸ್ತಿ. ಮೊಳೆ ಹೊಡೆದ ಹಲಗೆಗೆ ಸರಿದಾಡಲು ಜಾಗ ಇಲ್ಲದ್ದರಿಂದ ಅದು ಸೀಳುತ್ತದೆ.

ಹಳೆಯ ಪರಿಹಾರ

ಒಂದು ಕಟ್ಟಿಗೆಗೆ ಚೌಕ ತೂತು, ಇನ್ನೊಂದರ ತುದಿಗೆ ಅದರೊಳಗೆ ಬಿಗಿಯಾಗಿ ಕೂಡುವ ನಾಲಿಗೆ. ಇದೇ ಮಾರ್ಟಿಸ್-ಟೆನನ್ ಜೋಡಣೆ. ಹಳೇ ವಾಡೆಗಳ ಬಾಗಿಲು ಚೌಕಟ್ಟು, ಬಂಡಿ ಗಾಲಿಯ ಗುಂಬಕ್ಕೆ ಅರ ಕೂಡಿಸುವುದು ಇದೇ ತತ್ವದ ಮೇಲೆ. ಜರ್ಮನಿಯ ಲೈಪ್ಜಿಗ್ ಹತ್ತಿರ ಸಿಕ್ಕ ಸುಮಾರು 7,000 ವರ್ಷ ಹಿಂದಿನ ಬಾವಿಗಳ ಕಟ್ಟಿಗೆಯಲ್ಲೂ ಇಂಥ ಜೋಡಣೆ ಇದೆ. ಪೆಟ್ಟಿಗೆಯಲ್ಲಿ ಚೌಕಟ್ಟನ್ನು ಮಾತ್ರ ಹೀಗೆ ಬಿಗಿ ಮಾಡಿ, ನಡುವಿನ ಹಲಗೆಯನ್ನು ಸಡಿಲ ಬಿಡಬೇಕು.

ಕಟ್ಟಿಗೆ

ಸಾಗವಾನಿ ಕಡಿಮೆ ಕುಗ್ಗುತ್ತದೆ. ಕೆಡವಿದ ಹಳೇ ಮನೆಯ ಸಾಗವಾನಿ ಬಾಗಿಲು ಸಿಕ್ಕರೆ ಇನ್ನೂ ಛಲೋ, ಅದು ಆಗಲೇ ಒಣಗಿರುತ್ತದೆ. ಆದರೆ ರಂದಾ ಹಾಕುವ ಮುಂಚೆ ಹಳೇ ಮೊಳೆ ಪೂರ್ತಿ ಕೀಳಬೇಕು. ಬೇವೂ ನಡೆಯುತ್ತದೆ. ಜಾಲಿ ಗಟ್ಟಿ, ಆದರೆ ಭಾರ. ಹಸಿ ಇದ್ದರೆ ಒಣಗುವಾಗ ಬಿರುಕು ಬಿಡುತ್ತದೆ.

ಅಳತೆ (15 ಇಂಚು ಉದ್ದ, 10 ಅಗಲ, 8 ಎತ್ತರ)

* ಮೂಲೆ ಕಂಬ 4: ಒಂದೂವರೆ ಇಂಚು ಚೌಕ, 8 ಇಂಚು ಎತ್ತರ.
* ಅಡ್ಡಪಟ್ಟಿ 8: ಮುಕ್ಕಾಲು ಇಂಚು ದಪ್ಪ, ಒಂದೂವರೆ ಇಂಚು ಅಗಲ. ನಾಲಿಗೆ ಸೇರಿ 13 ಇಂಚಿನವು 4, 8 ಇಂಚಿನವು 4.
* ನಾಲಿಗೆ: ಪಟ್ಟಿಯ ದಪ್ಪದ ಮೂರನೇ ಒಂದು ಪಾಲು, ಅಂದರೆ ಕಾಲು ಇಂಚು ದಪ್ಪ. ಉದ್ದ ಅರ್ಧ ಇಂಚು. ಇದಕ್ಕಿಂತ ಉದ್ದ ಮಾಡಿದರೆ ಎರಡು ಬದಿಯ ತೂತು ಕಂಬದೊಳಗೆ ಒಂದಕ್ಕೊಂದು ಕೂಡುತ್ತವೆ.

ಮಾಡುವ ಕ್ರಮ

1. ಗುಣಿಯಾ ಹಿಡಿದು ಗೆರೆ ಹಾಕಿ, ಮೊದಲು ತೂತು ಹೊಡೆಯಬೇಕು. ಕಂಬದ ತುದಿಯಲ್ಲಿ ಅರ್ಧ ಇಂಚು ಕಟ್ಟಿಗೆ ಉಳಿಸಬೇಕು, ಇಲ್ಲದಿದ್ದರೆ ತುದಿ ಒಡೆಯುತ್ತದೆ.
2. ಆಮೇಲೆ ತೂತಿಗೆ ತಕ್ಕಂತೆ ನಾಲಿಗೆ ಕೊಯ್ಯಬೇಕು. ಕೈಯಿಂದ ಒತ್ತಿದರೆ ಕೂಡಬೇಕು. ಸುತ್ತಿಗೆಯಿಂದ ಜೋರಾಗಿ ಹೊಡೆಯಬೇಕಾದರೆ ಅದು ಅತಿ ಬಿಗಿ.
3. ಕಂಬಕ್ಕೂ ಪಟ್ಟಿಗೂ ಒಳಗಡೆ ಕಾಲು ಇಂಚು ಅಗಲದ ತೋಡು ತೆಗೆದು, ಅದರಲ್ಲಿ ತೆಳು ಹಲಗೆ ಕೂಡಿಸಬೇಕು. ಹಲಗೆಯ ಅಗಲದ ಎರಡೂ ಕಡೆ 2-3 ಮಿ.ಮೀ. ಜಾಗ ಇರಲಿ. ಹಲಗೆಗೆ ಅಂಟು ಹಚ್ಚಬಾರದು.
4. ನಾಲಿಗೆಗೆ ಮಾತ್ರ ಅಂಟು ಹಚ್ಚಿ ಕ್ಲ್ಯಾಂಪ್ ಹಾಕಬೇಕು. ಮೂಲೆಯಿಂದ ಮೂಲೆಗೆ ಎರಡೂ ಅಳತೆ ಒಂದೇ ಬಂದರೆ ಪೆಟ್ಟಿಗೆ ನೇರ ಇದೆ ಅಂತ ಅರ್ಥ.
5. ತಳಕ್ಕೆ ಒಳಗಡೆ ಸಣ್ಣ ಪಟ್ಟಿ ಕೊಟ್ಟು ಪ್ಲೈವುಡ್ ಇಡಬಹುದು.

ಮುಚ್ಚಳವೂ ಹೀಗೇ: ಹೊರಗೆ ಚೌಕಟ್ಟು, ನಡುವೆ ಸಡಿಲ ಹಲಗೆ. ಕೆತ್ತನೆ ಬೇಕಿದ್ದರೆ ಅರ್ಧ ಇಂಚಿನ ಹಲಗೆ ತಗೊಂಡು, ಅಂಚು ಮಾತ್ರ ತೆಳು ಮಾಡಬೇಕು. ಜೋಡಿಸುವ ಮುಂಚೆಯೇ ಕಮಲ, ಬಳ್ಳಿ ಕೆತ್ತಿಸುವುದು ಸುಲಭ. ಕೊನೆಗೆ ಹಿತ್ತಾಳೆ ಕಬ್ಜಾ (ಬಿಜಾಗರಿ).

ಎಣ್ಣೆ

ಅಗಸಿ ಎಣ್ಣೆ ಒಣಗಿ ಪೊರೆ ಕಟ್ಟುತ್ತದೆ. ತೆಳ್ಳಗೆ ಹಚ್ಚಿ, ಒಂದು ಕೋಟ್ ಪೂರ್ತಿ ಒಣಗಿದ ಮೇಲೆ ಇನ್ನೊಂದು. ಶೇಂಗಾ ಎಣ್ಣೆ ಬೇಡ, ಒಣಗದೆ ಜಿಗುಟಾಗಿ ಧೂಳು ಹಿಡಿಯುತ್ತದೆ. ಎಚ್ಚರ: ಅಗಸಿ ಎಣ್ಣೆ ಹಚ್ಚಿದ ಅರಿವೆಯನ್ನು ಮುದ್ದೆ ಮಾಡಿ ಎಸೆದರೆ ತಾನಾಗಿಯೇ ಬೆಂಕಿ ಹತ್ತಬಹುದು. ಹೊರಗೆ ಬಿಡಿಸಿ ಒಣಗಿಸಿ.

ಪೆಟ್ಟಿಗೆ ತಗೊಳ್ಳುವಾಗ ನೋಡಿ

* ಮುಚ್ಚಳದ ನಡುವಿನ ಹಲಗೆಗೆ ಮೊಳೆ, ಸ್ಕ್ರೂ ಇರಬಾರದು.
* ಎದುರು ಮೂಲೆಗಳನ್ನು ಹಿಡಿದು ತಿರುವಿದರೆ ಕಿರುಗುಟ್ಟಬಾರದು.
* ಜೋಡಣೆಯ ಸಂದಿಗೆ ಪುಟ್ಟಿ ತುಂಬಿದ್ದರೆ ನಾಲಿಗೆ ಸರಿಯಾಗಿ ಕೂತಿಲ್ಲ ಅಂತ ತಿಳಿಯಿರಿ.

ಬಡಿಗರಿಗೆ

2023ರ ಸೆಪ್ಟೆಂಬರ್ 17ರಂದು ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಬಡಿಗತನವೂ ಇದೆ. ಯೋಜನೆಯ ನಿಯಮದಂತೆ ತರಬೇತಿಗೆ ದಿನಕ್ಕೆ 500 ರೂ. ಭತ್ಯೆ, ಉಪಕರಣಕ್ಕೆ 15,000 ರೂ.ವರೆಗೆ ನೆರವು, ಶೇ 5ರ ಬಡ್ಡಿಯಲ್ಲಿ ಮೊದಲು 1 ಲಕ್ಷ, ಬಳಿಕ 2 ಲಕ್ಷ ರೂ.ವರೆಗೆ ಸಾಲ ಇದೆ. ನೋಂದಣಿ ಕಾಮನ್ ಸರ್ವಿಸ್ ಸೆಂಟರ್‌ನಲ್ಲಿ. ಒಂದು ಕುಟುಂಬದಿಂದ ಒಬ್ಬರಿಗೆ ಮಾತ್ರ ಅವಕಾಶ.